ಮದ್ದಿನ ದಿನ ಯಾರ ಕೈಯಲ್ಲಿ?

ಸಣ್ಣ ತೋಟದ ನಾಲ್ಕು ಮನೆಯವರು ಮರ ಹತ್ತಲು, ಮದ್ದು ಕೂಡಿಸಲು, ಕತ್ತಿ ಮಸೆಯಲು ಕಲಿತ ಬಗೆ

ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು ಅಡಿಕೆಗೆ ಒಂದು ಸಲ ಬೋರ್ಡೋ ಬಿಡಬೇಕು. ಅಲ್ಲಿಂದ 40-45 ದಿನಕ್ಕೆ ಎರಡನೆಯದು. ಮಳೆ ಬಿಡದೆ ಹೊಯ್ದರೆ ಮೂರನೆಯದೂ ಬೇಕು. ಈ ಲೆಕ್ಕ ಗೊತ್ತಿಲ್ಲದ ಅಡಿಕೆ ಕೃಷಿಕ ನಮ್ಮ ಕಡೆ ಇರಲಿಕ್ಕಿಲ್ಲ. ಗೊತ್ತಿದ್ದೂ ನಡೆಯುವುದಿಲ್ಲ ಯಾಕೆ? ಮರದ ತುದಿಗೆ ಹೋಗುವ ಜನ ಸಿಗುವುದಿಲ್ಲ, ಅಷ್ಟೆ.

ನಮ್ಮದು ಒಂದೂವರೆ ಎಕ್ರೆ ತೋಟ, ಸುಮಾರು 750 ಮರ. ಆಚೀಚೆಯ ಮೂರು ಮನೆಗಳದ್ದೂ ಹೆಚ್ಚು ಕಡಿಮೆ ಇಷ್ಟೇ. ಊರಿಡೀ ಹುಡುಕಿದರೆ ಮರ ಏರುವವರು ನಾಲ್ಕು ಮಂದಿ. ಅದರಲ್ಲಿ ಇಬ್ಬರಿಗೆ ಅರುವತ್ತು ದಾಟಿದೆ. ಇವರು ಮೊದಲು ಹೋಗುವುದು ಐದು-ಹತ್ತು ಎಕ್ರೆಯ ತೋಟಗಳಿಗೆ. ಅದರಲ್ಲಿ ತಪ್ಪೇನೂ ಇಲ್ಲ, ಅಲ್ಲಿ ವಾರಗಟ್ಟಲೆ ಕೆಲಸ ಒಟ್ಟಿಗೆ ಸಿಗುತ್ತದೆ. ನಮ್ಮಂಥವರ ಸರದಿ ಬರುವಾಗ 45 ದಿನ ಹೋಗಿ 60 ಆಗಿರುತ್ತದೆ. 2018ರ ಮಳೆಗಾಲದಲ್ಲಿ ಹಾಗೇ ಆಯಿತು. ಎರಡನೇ ಮದ್ದಿಗೆ ಜನ ಬರುವ ಮೊದಲೇ ಮಹಾಳಿ ಬಂತು. ಬೆಳಿಗ್ಗೆ ತೋಟಕ್ಕೆ ಹೋದರೆ ಬುಡದಲ್ಲಿ ಹಸುರು ಕಾಯಿ ಹಾಸಿದ ಹಾಗೆ. ತೊಟ್ಟಿನ ಹತ್ತಿರ ನೀರು ಹಿಡಿದ ಕಡು ಹಸುರು ಕಲೆ, ಎರಡು ದಿನ ಬಿಟ್ಟು ನೋಡಿದರೆ ಬಿಳಿ ಬೂಸ್ಟು. ಆ ವರ್ಷ ನಮ್ಮ ಫಸಲಿನ ಮೂರನೇ ಒಂದು ಪಾಲು ನೆಲ ಸೇರಿತು.

ಒಂದೂವರೆ ಎಕ್ರೆಯವನಿಗೆ ಮೂರನೇ ಒಂದು ಪಾಲು ಎಂದರೆ ಎಂತದು ಎಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗನ ಕಾಲೇಜು ಫೀಸು, ಸೊಸೈಟಿ ಸಾಲದ ಕಂತು, ಬರುವ ವರ್ಷದ ಗೊಬ್ಬರ ಎಲ್ಲವೂ ಆ ಪಾಲಿನಲ್ಲೇ ಇರುವುದು. ಅದೇ ಚಾಲಿ ಸುಲಿಯುವ ಹೊತ್ತಿಗೆ ನಾಲ್ಕು ಮನೆಯವರು ಜಗಲಿಯಲ್ಲಿ ಕೂತು ಮಾತಾಡಿ, ಕಲಿಯುವುದೆಂದು ನಿರ್ಧರಿಸಿದೆವು. ಪೂರ್ತಿ ಬಾರದಿದ್ದರೂ ಚಿಂತಿಲ್ಲ, ಬಂದಷ್ಟು ಬರಲಿ.

ಮದ್ದು ಹಳೆಯದು, ಏರುವವರೇ ಇಲ್ಲ

ಕೊಳೆರೋಗಕ್ಕೆ ಬೋರ್ಡೋ ಎಂಬುದು ನಿನ್ನೆ ಮೊನ್ನೆಯ ಮಾತಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಯ ರೋಗಕ್ಕೆ ಮಿಲಾರ್ದೆ ಎಂಬ ವಿಜ್ಞಾನಿ ಈ ಮಿಶ್ರಣವನ್ನು ಪ್ರಕಟಿಸಿದ್ದು 1885ರಲ್ಲಿ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಬೆನ್ನು ಹತ್ತಿ, 1910ರಲ್ಲಿ ತಮ್ಮ ವರದಿ ಹೊರತಂದು, ಇದೇ ಮದ್ದನ್ನು ಅಡಿಕೆಗೆ ಹೇಳಿದರು. ಅದಕ್ಕೂ ಹಿಂದೆ ಮಲೆನಾಡಿನವರ ದಾರಿ ಬೇರೆ. ಕರಡದ ಹುಲ್ಲಿನಲ್ಲಿ ಕೊಟ್ಟೆ ಹೆಣೆದು ಗೊನೆಗೊನೆಗೂ ಟೊಪ್ಪಿ ಹಾಕಿದ ಹಾಗೆ ಕಟ್ಟುತ್ತಿದ್ದರು. ಕೊಟ್ಟೆ ಹೆಣೆಯುವುದೂ ಒಂದು ವಿದ್ಯೆ, ಅದನ್ನು ಮರದ ತುದಿಯಲ್ಲಿ ಕಟ್ಟುವುದು ಇನ್ನೊಂದು. ಹುಲ್ಲಿನ ಕೊಟ್ಟೆಯ ಜಾಗಕ್ಕೆ ಆಮೇಲೆ ಪ್ಲಾಸ್ಟಿಕ್ ಕೊಟ್ಟೆಯೂ ಬಂತು.

ನೂರು ವರ್ಷದ ಮೇಲಾಯಿತು, ಮೈಲುತುತ್ತು ಮತ್ತು ಸುಣ್ಣ ಹಾಗೇ ಉಂಟು. ಅದನ್ನು ಮೇಲೆ ಒಯ್ಯುವವನ ಮಗ ಮಾತ್ರ ಊರು ಬಿಟ್ಟ. ಯಾಕೆ ಬಿಟ್ಟ ಎಂದರೆ ನಮ್ಮಲ್ಲಿ ಕೆಲವರು ‘ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ’ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ನಲುವತ್ತು ಅಡಿ ಎತ್ತರದಲ್ಲಿ ಜೀವ ಪಣಕ್ಕಿಟ್ಟು ದುಡಿಯುವವನನ್ನು ನಾವು ಅಂಗಳದ ಬದಿಯಲ್ಲಿ ಕೂರಿಸಿ ಚಹಾ ಕೊಟ್ಟವರು. ಆ ಕೆಲಸ ‘ನಮ್ಮದಲ್ಲ’ ಎಂದು ನಮ್ಮ ಮಕ್ಕಳಿಗೂ ಹೇಳಿಕೊಟ್ಟವರು. ಕೂಲಿ ಎಷ್ಟು ಏರಿಸಿದರೂ ಮರ್ಯಾದೆ ಏರದಿದ್ದರೆ ಮಗ ಅಪ್ಪನ ಕೆಲಸಕ್ಕೆ ಯಾಕೆ ಬರುತ್ತಾನೆ ಹೇಳಿ?

ಕಲಿಸುವವರಿಗೆ ಸಂಬಳ

ಊರಿನ ಆ ನಾಲ್ವರಲ್ಲಿ ಹಿರಿಯರಾದವರನ್ನು ಕೇಳಿದೆವು. ಮೊದಲು ನಕ್ಕುಬಿಟ್ಟರು. “ನಿಮಗೆ ಇದೆಲ್ಲ ಯಾಕೆ ಅಣ್ಣ, ಬಿದ್ದರೆ ನಾನು ಹೊಣೆಯಾಗಬೇಕು” ಎಂದರು. ಎರಡನೇ ಸಲ ಹೋದಾಗ ನಾವು ಲೆಕ್ಕ ಹೇಳಿದೆವು: ಮಳೆ ಇಲ್ಲದ ದಿನಗಳಲ್ಲಿ, ಹನ್ನೆರಡು ಬೆಳಿಗ್ಗೆ, ಒಂದೊಂದಕ್ಕೂ ಪೂರ್ತಿ ದಿನದ ಸಂಬಳ. ಅವರು ಮರ ಹತ್ತಬೇಕಾಗಿಲ್ಲ, ನಿಂತು ನೋಡಿ ಹೇಳಿದರೆ ಸಾಕು. ಮೊಣಗಂಟು ನೋವು ಸುರುವಾಗಿದ್ದ ಅವರಿಗೆ ಇದು ಹಿಡಿಸಿತು. ಕಲಿಸುವುದಕ್ಕೂ ಸಂಬಳ ಉಂಟೆಂದು ಯಾರೂ ಅವರಿಗೆ ಅದುವರೆಗೆ ಹೇಳಿರಲಿಲ್ಲ.

ಸುರು ಮಾಡಿದ್ದು ಜನವರಿಯಲ್ಲಿ. ಇದು ಮುಖ್ಯ. ಮಳೆಗಾಲದಲ್ಲಿ ಮರಕ್ಕೆ ಪಾಚಿ ಹಿಡಿದು ಸೋಪು ಹಚ್ಚಿದ ಹಾಗೆ ಇರುತ್ತದೆ. ಆಗ ಕಲಿಯಲು ಹೊರಟವನಿಗೆ ಎರಡನೇ ದಿನ ಬರುವುದಿಲ್ಲ. ಮರ ಒಣಗಿರುವಾಗ ಕಾಲಿಗೆ ಅಭ್ಯಾಸವಾಗಬೇಕು.

ಮೊದಲ ಪಾಠ ತಳೆ ಮಾಡುವುದು. ಸೆಣಬಿನ ಗೋಣಿಯನ್ನು ಸೀಳಿ ಹೊಸೆದು ಬಳೆಯ ಹಾಗೆ ಗಂಟು ಹಾಕುವುದು. ಎರಡೂ ಪಾದ ಒಳಗೆ ಹೋಗಿ, ಮರವನ್ನು ಎರಡು ಕಡೆಯಿಂದ ಅಂಗಾಲು ಒತ್ತಿ ಹಿಡಿಯುವಾಗ ತಳೆ ಬಿಗಿಯಾಗಿ ನಿಲ್ಲಬೇಕು. ಉದ್ದ ಹೆಚ್ಚಾದರೆ ಕಾಲು ಜಾರುತ್ತದೆ, ಕಡಿಮೆಯಾದರೆ ಮೊಣಕಾಲು ಬಿಡಿಸಲಿಕ್ಕಾಗುವುದಿಲ್ಲ. ಒಬ್ಬನ ತಳೆ ಇನ್ನೊಬ್ಬನಿಗೆ ಆಗುವುದಿಲ್ಲ. ಪೇಟೆಯ ನೈಲಾನ್ ಹಗ್ಗದ್ದು ಬೇಡ ಎಂದರು ಗುರುಗಳು. ಅದು ಜಾರುತ್ತದೆ, ಕಾಲಿನ ಚರ್ಮವನ್ನೂ ಸುಲಿಯುತ್ತದೆ.

ಎರಡನೇ ಪಾಠ ಮರ ನೋಡುವುದು. ನಾವೆಲ್ಲ ಇಷ್ಟು ವರ್ಷ ನೋಡಿದ್ದು ಗೊನೆಯನ್ನು. ಅವರು ನೋಡುವುದು ಬುಡವನ್ನು. ಬುಡದಲ್ಲಿ ಅಣಬೆ ಎದ್ದಿದ್ದರೆ ಆ ಮರಕ್ಕೆ ಕಾಲಿಡಬೇಡಿ, ಒಳಗೆ ಟೊಳ್ಳಾಗಿರುತ್ತದೆ. ನೈರುತ್ಯ ದಿಕ್ಕಿನಲ್ಲಿ ಬಿಸಿಲು ಹೊಡೆದು ಕಾಂಡ ಸೀಳಿದ್ದರೂ ಬೇಡ, ಗಾಳಿಗೆ ಅಲ್ಲಿಂದಲೇ ಮುರಿಯುವುದು. ಕತ್ತಿಯ ಬೆನ್ನಿನಲ್ಲಿ ಎರಡು ಬಾರಿಸಿದರೆ ಗಟ್ಟಿ ಮರದ ಶಬ್ದವೇ ಬೇರೆ. ಮರಕುಟಿಗ ಕೊರೆದ ತೂತು, ಕಣಜದ ಗೂಡು, ಚಿಗಳಿ ಇರುವೆ, ಜಾರಲು ತಯಾರಾದ ಹಾಳೆ... ಇಷ್ಟನ್ನೂ ಕೆಳಗಿಂದಲೇ ನೋಡಿ ಮುಗಿಸಿ ಮತ್ತೆ ತಳೆ ಹಾಕುವುದು. ನಮ್ಮ ತೋಟದ 750ರಲ್ಲಿ 31 ಮರಕ್ಕೆ ಅವರು ಸುಣ್ಣದಲ್ಲಿ ಅಡ್ಡಗೆರೆ ಎಳೆದರು. ಅದನ್ನು ಯಾರೂ ಹತ್ತುವ ಹಾಗಿಲ್ಲ. ನನಗೆ ಅಂದಿನ ಸಂಬಳ ಅದರಲ್ಲೇ ವಸೂಲಾಯಿತು.

ಹತ್ತುವ ಪಾಠ ಮೂರನೆಯದು. ಮೊದಲ ಎರಡು ದಿನ ಮೂರೇ ಅಡಿ. ಮೂರಡಿ ಏರುವುದು, ಇಳಿಯುವುದು, ಮತ್ತೆ ಏರುವುದು. ನಮ್ಮಲ್ಲಿ ಒಬ್ಬರಿಗೆ ಅವಸರ. ಅವರು ಕೈಯಲ್ಲಿ ಮರವನ್ನು ಅಪ್ಪಿ ಮೇಲೆ ಎಳೆದುಕೊಳ್ಳುತ್ತಿದ್ದರು. ಹತ್ತು ನಿಮಿಷದಲ್ಲಿ ತೋಳು ನಡುಗಲಿಕ್ಕೆ ಸುರು.

“ಕೈಯಲ್ಲಿ ಹತ್ತುವುದಲ್ಲ ಅಣ್ಣ, ಕಾಲಲ್ಲಿ ಹತ್ತುವುದು. ಕೈ ಇರುವುದು ಬರೀ ಹಿಡಿದುಕೊಳ್ಳಲಿಕ್ಕೆ. ಮೊದಲು ಕಾಲು ಮಡಚಿ ಮೇಲೆ ತನ್ನಿ, ಅಂಗಾಲು ಕಚ್ಚಲಿ, ಮತ್ತೆ ನೆಟ್ಟಗೆ ನಿಲ್ಲಿ. ನಿಂತ ಮೇಲೆ ಕೈ ತನ್ನಿಂತಾನೆ ಮೇಲೆ ಹೋಗ್ತದೆ.”

ಕೇಳಲು ಸುಲಭ. ಅಂಗಾಲಿಗೆ ಅದು ಅರ್ಥವಾಗಲು ಐದು ದಿನ ಬೇಕಾಯಿತು. ಅಂಗಾಲಿನ ಚರ್ಮ ಸುಲಿಯಿತು, ಒಳತೊಡೆ ಕೆಂಪಾಯಿತು, ರಾತ್ರಿ ಮಗ್ಗುಲು ಬದಲಿಸಲು ಕಷ್ಟ. ಆರನೇ ದಿನ ಮೈ ಹಗುರ ಅನಿಸತೊಡಗಿತು. ಹನ್ನೆರಡನೇ ದಿನಕ್ಕೆ ನಾಲ್ವರಲ್ಲಿ ಮೂವರು 25 ಅಡಿ ಏರಿ ಇಳಿದೆವು. ಇಳಿಯುವುದೇ ಹೆಚ್ಚು ಕಷ್ಟ. ಏರುವಾಗ ಕಣ್ಣು ಮೇಲೆ, ಇಳಿಯುವಾಗ ಕಾಲು ಕಾಣುವುದಿಲ್ಲ. ಬೇಗ ನೆಲ ಸೇರುವ ಆಸೆಯಿಂದ ಜಾರಿಸಿಕೊಂಡು ಬಂದರೆ ಎದೆ, ತೊಡೆ ಸುಟ್ಟುಹೋಗುತ್ತದೆ. ಒಂದೊಂದೇ ಹೆಜ್ಜೆ ಇಳಿಯಬೇಕು.

ತುದಿಯಲ್ಲಿ ಕೂತು ಎರಡೂ ಕೈ ಬಿಡಬೇಕಲ್ಲ, ಮದ್ದು ಬಿಡಲು? ಅಲ್ಲಿ ಹಳಬರು ತೊಡೆಗೂ ಮರಕ್ಕೂ ಹಗ್ಗ ಸುತ್ತಿ ಕೂರುತ್ತಾರೆ. ನಾವು ಹಗ್ಗದ ಜೊತೆಗೆ ಸೊಂಟಕ್ಕೆ ಸುರಕ್ಷತಾ ಬೆಲ್ಟನ್ನೂ ಕಟ್ಟಿದೆವು. ಕಂಬ ಹತ್ತುವ ಲೈನ್‌ಮೆನ್‌ಗಳು ಹಾಕುವಂಥದ್ದು. ಗುರುಗಳು ಮೊದಲು ಅದನ್ನು ನೋಡಿ ಮೂಗು ಮುರಿದರು. ಈಗ ಅವರ ಅಳಿಯನೂ ಅದನ್ನೇ ಹಾಕುತ್ತಾನಂತೆ!

ಮರದಿಂದ ಮರಕ್ಕೆ ಹಾರುವುದನ್ನು ನಾವು ಕಲಿತಿಲ್ಲ, ಕಲಿಯುವ ಆಸೆಯೂ ಇಲ್ಲ. ಒಂಬತ್ತಡಿ ಅಂತರದ ತೋಟದಲ್ಲಿ ನುರಿತವರು ಒಂದು ಮರವನ್ನು ತೂಗಿ, ಇನ್ನೊಂದನ್ನು ಕೊಕ್ಕೆಯಲ್ಲಿ ಎಳೆದು ದಾಟುತ್ತಾರೆ. ನೆಲಕ್ಕಿಳಿಯದೆ ಹತ್ತಾರು ಮರ ಮುಗಿಸುತ್ತಾರೆ. ಹದಿನೈದನೇ ವಯಸ್ಸಿನಿಂದ ಮರದಲ್ಲಿ ಬೆಳೆದವರ ವಿದ್ಯೆ ಅದು. ನಲುವತ್ತಾರಕ್ಕೆ ಸುರು ಮಾಡಿದವನು ಪ್ರತಿ ಮರವನ್ನೂ ಹತ್ತಿ ಇಳಿಯಬೇಕು. ಹಾಗಾಗಿ ಅವರು ದಿನಕ್ಕೆ ಮುಗಿಸುವ ಕೆಲಸಕ್ಕೆ ನಮ್ಮ ಮೂವರಿಗೆ ನಾಲ್ಕು ದಿನ. ಆದರೆ ಆ ನಾಲ್ಕು ದಿನ ಯಾವುದೆಂದು ನಿರ್ಧರಿಸುವುದು ನಾವೇ.

ತರಬೇತಿ, ಯಂತ್ರ, ದೋಟಿ

ಊರಿನಲ್ಲಿ ಗುರು ಸಿಗದವರಿಗೆ ದಾರಿ ಇಲ್ಲವೆಂದಲ್ಲ. ವಿಟ್ಲದ ಸಿಪಿಸಿಆರ್‌ಐಯಲ್ಲಿ 2018ರ ಕೊನೆಗೆ ಯುವಕರಿಗಾಗಿ ಅಡಿಕೆ ಮರ ಏರುವ ತರಬೇತಿ ಶಿಬಿರ ನಡೆದಿತ್ತು. ತೆಂಗಿಗೆ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿಯೇ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಸುರು ಮಾಡಿತ್ತು. ಅದರಲ್ಲಿ ಬಳಕೆಯಾದದ್ದು ಕಣ್ಣೂರಿನ ಚೆಂಬೇರಿಯ ಕೃಷಿಕರೊಬ್ಬರು ರೂಪಿಸಿದ, ಪೆಡಲಿನಂತೆ ಕಾಲಿಟ್ಟು ಏರುವ ಸಾಧನದಂಥದ್ದು. ತೆಂಗಿಗೆ ಅದು ಒಳ್ಳೆಯದೇ. ನಮ್ಮ ಜಿಲ್ಲೆಯ ಸಜಿಪಮೂಡದ ಗಣಪತಿ ಭಟ್ಟರು ಅಡಿಕೆಗೆಂದೇ ಪೆಟ್ರೋಲ್ ಎಂಜಿನ್ನಿನ ಮರ ಏರುವ ಬೈಕ್ ಮಾಡಿದ್ದು, ಅದರ ಚಿತ್ರ 2019ರಲ್ಲಿ ದೇಶವಿಡೀ ಓಡಾಡಿದ್ದು ಎಲ್ಲರಿಗೂ ನೆನಪಿರಬಹುದು. ಏರಲು ಬಾರದವರಿಗೂ ತುದಿ ಮುಟ್ಟುವ ದಾರಿ ಅದು. ಆದರೆ ಯಂತ್ರವನ್ನು ಒಂದು ಮರದಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಮದ್ದೂ ಬಿಡಬಹುದು, ಗೊನೆಯನ್ನೂ ತೆಗೆಯಬಹುದು. ಬೆಲೆ ಹತ್ತಾರು ಸಾವಿರ. ಒಬ್ಬೊಬ್ಬರೇ ಕೊಳ್ಳುವ ಬದಲು ನಾಲ್ಕು ಮನೆ ಸೇರಿ ಒಂದು ಕೊಂಡರೆ ಹಿತ. ಅದಕ್ಕೂ ಕಲಿಕೆ ಬೇಕು: ದೋಟಿಯನ್ನು ನೆಟ್ಟಗೆ ಎಬ್ಬಿಸುವುದು, ತುದಿ ತೂಗದ ಹಾಗೆ ನಡೆಯುವುದು, ಕುತ್ತಿಗೆ ಹಿಡಿಯದ ಹಾಗೆ ನಿಲ್ಲುವುದು. ಒಂದು ವಾರ ದಿನಾ ಅರ್ಧ ಗಂಟೆ ಅಭ್ಯಾಸ ಮಾಡದೆ ಮದ್ದಿಗೆ ಇಳಿದವರು ಮಾರನೇ ದಿನ ಎಣ್ಣೆ ತಿಕ್ಕಿಸಿಕೊಂಡು ಮಲಗಿದ್ದನ್ನು ನೋಡಿದ್ದೇನೆ.

ದೋಟಿಯ ಬಗ್ಗೆ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ಅಟ್ಟದ ಕಂಬಕ್ಕೆ ಅಂಟಿಸಿ. ಅಲ್ಯೂಮಿನಿಯಂನಲ್ಲಿ ಕರೆಂಟು ಹರಿಯುತ್ತದೆ, ಕಾರ್ಬನ್ ಫೈಬರಿನಲ್ಲೂ ಹರಿಯುತ್ತದೆ. ‘ಇದು ಲೋಹ ಅಲ್ಲ, ಏನಾಗುವುದಿಲ್ಲ’ ಎಂಬ ಮಾತು ನಂಬಬೇಡಿ. ದೋಟಿ ತಂತಿಗೆ ತಾಗಿ ಜೀವ ಹೋದ ಮನೆಗಳು ನಮ್ಮ ಜಿಲ್ಲೆಯಲ್ಲಿವೆ. ತಂತಿ ಹಾದು ಹೋಗುವ ಸಾಲಿನ ಮರಗಳಿಗೆ ಬೇರೆ ಬಣ್ಣದ ಗುರುತು ಹಾಕಿ, ಆ ಸಾಲಿಗೆ ದೋಟಿ ಒಯ್ಯಲೇಬೇಡಿ.

ಮದ್ದು ಕೂಡಿಸುವುದು

ಮರ ಏರುವುದು ಎಷ್ಟು ಮುಖ್ಯವೋ ಮೇಲೆ ಹೋಗುವ ಡ್ರಮ್ಮಿನ ಮದ್ದೂ ಅಷ್ಟೇ ಮುಖ್ಯ. ಈ ಕೆಲಸವನ್ನು ನಮ್ಮ ನಾಲ್ಕೂ ಮನೆಗಳಲ್ಲಿ ಈಗ ಹೆಂಗಸರು ವಹಿಸಿಕೊಂಡಿದ್ದಾರೆ. ಉಪ್ಪಿನಕಾಯಿಗೆ ಉಪ್ಪು ಹಾಕುವ ಕೈಗೆ ಅಳತೆ ಹೇಳಿಕೊಡಬೇಕಾಗಿಲ್ಲ ಎಂದು ನನ್ನ ಹೆಂಡತಿಯ ವಾದ. ನಿಜವೇ ಇರಬೇಕು, ಗಂಡಸರು ಕೂಡಿಸುವಾಗ ಪ್ರತಿ ವರ್ಷ ಬಣ್ಣ ಬೇರೆ ಬೇರೆ ಬರುತ್ತಿತ್ತು.

ಶೇಕಡಾ ಒಂದರ ಬೋರ್ಡೋ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಬೇಕು. ಪಾತ್ರೆ ಪ್ಲಾಸ್ಟಿಕ್ಕಿನದ್ದಾಗಲಿ. ಕಬ್ಬಿಣದ ಡ್ರಮ್ಮಾದರೆ ತಾಮ್ರ ಅದರ ಗೋಡೆಗೇ ಅಂಟಿ ಮದ್ದು ಸಪ್ಪೆಯಾಗುತ್ತದೆ, ಡ್ರಮ್ಮೂ ತೂತಾಗುತ್ತದೆ. ಹಳುಕನ್ನು ಡ್ರಮ್ಮಿನ ತಳಕ್ಕೆ ಹಾಕಿ ಗಂಟೆಗಟ್ಟಲೆ ಕಲಕುವ ಬದಲು ಹಿಂದಿನ ರಾತ್ರಿ ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನ ಮೇಲ್ಭಾಗದಲ್ಲಿ ಮುಳುಗುವಷ್ಟು ನೇತು ಹಾಕಿ. ಕರಗಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ತಿಳಿನೀರು ಮೇಲೆ ಬರುತ್ತದೆ. ಬೆಳಿಗ್ಗೆ ನೋಡಿದರೆ ಗಂಟು ಖಾಲಿ.

ಎಡವಟ್ಟು ಆಗುವುದು ಹೆಚ್ಚಾಗಿ ಸುಣ್ಣದಲ್ಲಿ. ಆಗಷ್ಟೇ ಸುಟ್ಟು ತಂದ ಚಿಪ್ಪು ಸುಣ್ಣ ಮತ್ತು ಎರಡು ತಿಂಗಳು ಕೊಟ್ಟಿಗೆಯಲ್ಲಿ ಬಾಯಿ ಬಿಟ್ಟು ಕೂತ ಸುಣ್ಣ ಒಂದೇ ಅಲ್ಲ. ಗಾಳಿಗೆ ಬಿದ್ದ ಸುಣ್ಣ ನಿಧಾನಕ್ಕೆ ಸೀಮೆಸುಣ್ಣದ ಜಾತಿಗೆ ತಿರುಗುತ್ತದೆ. ತೂಕ ಉಂಟು, ಶಕ್ತಿ ಇಲ್ಲ. ಆದ್ದರಿಂದ ‘ಕಿಲೋಗೆ ಕಿಲೋ’ ಎಂಬ ಲೆಕ್ಕ ಹಳೆ ಸುಣ್ಣಕ್ಕೆ ನಡೆಯುವುದಿಲ್ಲ. ಸುಣ್ಣ ಸಾಲದಿದ್ದರೆ ಮದ್ದು ಹುಳಿಯಾಗಿ ಉಳಿದು ಎಳೆ ಕಾಯಿಯನ್ನೂ ಸೋಗೆಯನ್ನೂ ಸುಡುತ್ತದೆ. ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಮರದ ತುದಿಯಲ್ಲಿ ನಾಝಲ್ ಕಟ್ಟಿಕೊಳ್ಳುತ್ತದೆ. ಅಲ್ಲಿ ಕೂತು ಅದನ್ನು ಬಿಚ್ಚಿ ಊದಿದವನಿಗೇ ಗೊತ್ತು ಅದರ ಕಷ್ಟ.

ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕಲಕಬೇಕು. ಒಳ್ಳೆಯ ಆಕಾಶನೀಲಿ ಬರುತ್ತದೆ. ಪರೀಕ್ಷೆಗೆ, ಚೆನ್ನಾಗಿ ಉಜ್ಜಿದ ಕಬ್ಬಿಣದ ಚೂರಿಯನ್ನು ಕೆಲವು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಬಣ್ಣದ ತಾಮ್ರ ಕೂತಿದ್ದರೆ ಸುಣ್ಣ ಸಾಲಲಿಲ್ಲವೆಂದು ಅರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ. ಅಂಗಡಿಯಲ್ಲಿ ಲಿಟ್ಮಸ್ ಕಾಗದ ಸಿಗುತ್ತದೆ, ಅದೂ ಆಗುತ್ತದೆ. ಸ್ಟೀಲ್ ಚೂರಿಯಲ್ಲಿ ಪರೀಕ್ಷೆ ಮಾಡಿ ‘ಎಲ್ಲ ಸರಿ ಉಂಟು’ ಎನ್ನುವವರಿದ್ದಾರೆ, ತುಕ್ಕು ಹಿಡಿಯದ ಚೂರಿಗೆ ನಂಬಿಕೆ ಬೇಡ. ಕೂಡಿಸಿದ ಮದ್ದು ಅಂದಂದೇ ಮುಗಿಯಬೇಕು. ನಾಳೆಗೆ ಇಟ್ಟರೆ ಅದು ತಳ ಹಿಡಿದು ಅಂಟುವ ಗುಣ ಕಳಕೊಳ್ಳುತ್ತದೆ. ಮಳೆಯಲ್ಲಿ ಕಾಯಿಗೆ ಅಂಟಿ ಕೂರುವುದೇ ಅದರ ಕೆಲಸ ತಾನೆ?

ಡ್ರಮ್ಮು ತೊಳೆದ ನೀರನ್ನು ತೋಡಿಗೆ ಬಿಡಬೇಡಿ. ತಾಮ್ರ ಮೀನುಗಳಿಗೆ ವಿಷ. ನಮ್ಮ ತೋಡಿನಲ್ಲಿ ಮಕ್ಕಳು ಈಗಲೂ ಗಾಳ ಹಾಕುತ್ತಾರೆ, ಅದು ಉಳಿಯಲಿ ಎಂದು ನನ್ನ ಆಸೆ.

ಕತ್ತಿ, ಹಗ್ಗ, ಮಡಲು

ಒಂದು ಕಲಿತರೆ ಇನ್ನೊಂದು ಹಿಂದಿನಿಂದ ಬರುತ್ತದೆ. ಮರ ಏರಿದವನಿಗೆ ಮೊಂಡು ಕತ್ತಿ ಎಂದರೆ ಅಪಾಯ. ಒಂದೇ ಏಟಿಗೆ ಗೊನೆ ಬರದಿದ್ದರೆ ಎರಡನೇ ಏಟಿಗೆ ಮೈ ತೂಕ ತಪ್ಪುತ್ತದೆ. ನಮಗೆ ಮಸೆಯಲು ಕಲಿಸಿದವರು ಹಿಂದೆ ಮೂರ್ತೆ ಮಾಡುತ್ತಿದ್ದ ಒಬ್ಬರು. ಅವರದ್ದು ಮರದ ಹಲಗೆ, ಅದರ ಮೇಲೆ ಬಿಳಿ ಬೆಣಚುಕಲ್ಲಿನ ನಯ ಪುಡಿ. ಮೊದಲು ಮಸೆಕಲ್ಲಿಗೆ ನೀರು ಬಿಟ್ಟು ಅಲಗನ್ನು ಒಂದೇ ಓರೆಯಲ್ಲಿ ಉದ್ದಕ್ಕೂ ಎಳೆಯುವುದು, ಮತ್ತೆ ಹಲಗೆಯ ಮೇಲೆ ನಯ ಮಾಡುವುದು. ಹೆಬ್ಬೆರಳಿನ ಉಗುರಿನ ಮೇಲೆ ಅಲಗು ಇಟ್ಟರೆ ಜಾರದೆ ಕಚ್ಚಬೇಕು. ಗ್ರೈಂಡರಿಗೆ ಕೊಟ್ಟರೆ ಐದು ನಿಮಿಷದ ಕೆಲಸ ಹೌದು. ಆದರೆ ಕಿಡಿ ಹಾರುವಷ್ಟು ಬಿಸಿಯಾದ ಅಲಗಿನ ಹದ ಹೋಗಿ ವಾರದಲ್ಲಿ ಮತ್ತೆ ಮೊಂಡು.

ಹಗ್ಗಕ್ಕೆ ಎರಡೇ ಗಂಟು ಸಾಕೆಂದು ಗುರುಗಳು ಹೇಳಿದ್ದು ನಮಗೆ ಉಪಕಾರವಾಯಿತು. ಎಳೆದಷ್ಟೂ ಬಿಗಿಯಾಗುವ ಸರಗುಣಿಕೆ ಗೊನೆಗೆ. ಎಷ್ಟು ಎಳೆದರೂ ಬಿಗಿಯಾಗದೆ ಬಳೆಯಾಗಿಯೇ ನಿಲ್ಲುವ ಗಂಟು ಸೊಂಟಕ್ಕೆ. ಸೊಂಟಕ್ಕೆ ಸರಗುಣಿಕೆ ಹಾಕಿದರೆ ಬಿದ್ದಾಗ ಅದೇ ಉಸಿರು ಕಟ್ಟಿಸುತ್ತದೆ. ಕಣ್ಣು ಮುಚ್ಚಿ ಈ ಎರಡನ್ನು ಹಾಕಲು ಬರುವವರೆಗೆ ಅವರು ನಮ್ಮನ್ನು ಹತ್ತಡಿ ಮೇಲೆ ಬಿಡಲಿಲ್ಲ.

ಮಡಲು ಹೆಣೆಯಲು ಕಲಿಸಿದ್ದು ನನ್ನ ಅತ್ತೆ. ಎಪ್ಪತ್ತೆಂಟು ವರ್ಷ, ಕೂತಲ್ಲೇ ದಿನಕ್ಕೆ ಇಪ್ಪತ್ತು ಹೆಣೆಯುತ್ತಾರೆ. ಮಡಲನ್ನು ನಡು ಸೀಳಿ, ತೋಡಿನ ನೀರಿನಲ್ಲಿ ಕೆಲವು ದಿನ ಮುಳುಗಿಸಿ ಇಟ್ಟು ಹೆಣೆದರೆ ಬಾಳಿಕೆ ಹೆಚ್ಚು. ಹಸಿಯಲ್ಲೇ ಹೆಣೆದದ್ದು ಬೇಗ ಮುರಿಯುತ್ತದೆ. ಟರ್ಪಾಲಿನ ಕಾಲದಲ್ಲಿ ಇದು ಯಾಕೆ ಎಂದು ನನ್ನ ಮಗನೂ ಕೇಳಿದ. ಗುರುಗಳು ಅಡ್ಡಗೆರೆ ಎಳೆದ ಆ 31 ಮರಗಳಲ್ಲಿ ಹೆಚ್ಚಿನವು ನೈರುತ್ಯ ಬಿಸಿಲಿಗೆ ಸೀಳಿದವು. ಪಶ್ಚಿಮದ ಅಂಚಿನ ಮರಗಳಿಗೆ ಮಳೆ ಬಿಟ್ಟೊಡನೆ, ನವರಾತ್ರಿ-ದೀಪಾವಳಿಯ ಹೊತ್ತಿಗೆ, ಸೋಗೆಯನ್ನೋ ಹಾಳೆಯನ್ನೋ ಕಟ್ಟಿದರೆ ಸೀಳುವುದು ನಿಲ್ಲುತ್ತದೆ. ಎಳೆ ಗಿಡಗಳಿಗೆ ಹೆಣೆದ ಮಡಲು ಊರಿದರೆ ಸಾಕು. ಟರ್ಪಾಲು ಅಲ್ಲಿಗೆ ಆಗುವುದಿಲ್ಲ, ಗಾಳಿಯಾಡದೆ ಬೆಂದುಹೋಗುತ್ತದೆ.

ಯಾರಿಗೆ ಬೇಡ

ತಲೆಸುತ್ತು, ಬಿಪಿ, ಹೃದಯದ ತೊಂದರೆ, ಫಿಟ್ಸ್ ಇದ್ದವರು ಮರದ ಸುದ್ದಿಗೇ ಹೋಗಬೇಡಿ. ನಮ್ಮ ನಾಲ್ವರಲ್ಲಿ ಒಬ್ಬರು ಏಳನೇ ದಿನ 15 ಅಡಿಯಲ್ಲಿ ಕಣ್ಣು ಕತ್ತಲೆ ಬಂದು ಇಳಿದರು. ಮತ್ತೆ ಹತ್ತಲಿಲ್ಲ. ಅವರೀಗ ಪಂಪು, ಪೈಪು, ಕೆಳಗಿನ ಹಗ್ಗ ನೋಡುವವರು. ಕೆಳಗಿನ ಮನುಷ್ಯ ಗಟ್ಟಿ ಇದ್ದರೆ ಮೇಲಿನವನಿಗೆ ಧೈರ್ಯ. ಕುಡಿದವನನ್ನು ಮರ ಹತ್ತಿಸಬೇಡಿ. ಸಂಬಳಕ್ಕೆ ಬಂದವನಾದರೂ ಅಷ್ಟೆ, ಅಂದಿನ ಕೆಲಸ ನಿಲ್ಲಿಸಿ ಊಟ ಕೊಟ್ಟು ಕಳಿಸಿ. ಒಬ್ಬನೇ ತೋಟಕ್ಕೆ ಹೋಗಿ ಹತ್ತುವುದೂ ಬೇಡ. ಗುಡ್ಡದ ಬದಿಯ ತೋಟದಲ್ಲಿ ಬಿದ್ದು ಸೊಂಟ ಮುರಿದರೆ ಕೂಗು ಕೇಳಲಿಕ್ಕೆ ಜನ ಬೇಡವೇ?

ನಮ್ಮೊಳಗೆ ಸಂಬಳದ ಲೆಕ್ಕವಿಲ್ಲ, ಮುಯ್ಯಾಳು. ಇಂದು ನಮ್ಮಲ್ಲಿ, ನಾಳೆ ಅವರಲ್ಲಿ. ಸರದಿ ಯಾರದ್ದು ಮೊದಲು ಎಂಬುದಕ್ಕೆ ಚೀಟಿ ಎತ್ತುತ್ತೇವೆ. ಎರಡು ಸಲ ಜಗಳವೂ ಆಯಿತು. ಮಳೆ ಬಿಟ್ಟ ಒಂದೇ ಒಂದು ಮಧ್ಯಾಹ್ನ ಯಾರ ತೋಟಕ್ಕೆ ಎಂಬ ವಿಷಯದಲ್ಲಿ. ಈಗ ನಿಯಮ ಮಾಡಿದ್ದೇವೆ: ಯಾರ ತೋಟದಲ್ಲಿ ಮೊದಲ ಕೊಳೆ ಕಾಯಿ ಕಂಡಿತೋ ಅಲ್ಲಿಗೆ ಮೊದಲು. ಬಿದ್ದ ಕಾಯಿಯನ್ನು ಹೆಕ್ಕಿ ಸುಡುವುದು ಎಲ್ಲರ ಕೆಲಸ.

2024ರ ಜುಲೈಯಲ್ಲಿ ಹೊಯ್ದ ಮಳೆ ಕರಾವಳಿಯವರಿಗೆ ಮರೆಯುವಂಥದ್ದಲ್ಲ. ಆ ವರ್ಷ ನಾವು ಮೊದಲ ಮದ್ದನ್ನು ಮೇ ಕೊನೆಯ ವಾರ ಮುಗಿಸಿದ್ದೆವು. ಎರಡನೆಯದಕ್ಕೆ ಬಿಸಿಲು ಸಿಗಲಿಲ್ಲ. ಬಿಡುವು ಸಿಕ್ಕ ಎರಡು ಗಂಟೆ, ಮೂರು ಗಂಟೆಗಳಲ್ಲಿ ಮರ ಒಣಗಿದಷ್ಟು ನೋಡಿ ಒಮ್ಮೆ ಮೂವತ್ತು ಮರ, ಒಮ್ಮೆ ಹದಿನೈದು ಮರ ಹೀಗೆ ಮುಗಿಸಿದೆವು. ಸಂಬಳದ ಜನರನ್ನು ಹೀಗೆ ಎರಡು ಗಂಟೆಗೆ ಕರೆಯಲು ಸಾಧ್ಯವೇ? ಪಾಚಿ ಹಿಡಿದ ಸಾಲನ್ನು ಬಿಟ್ಟೆವು, ಅಲ್ಲಿ ರೋಗ ಬಂತು. ಒಟ್ಟು ನಷ್ಟ ನನ್ನ ಅಂದಾಜಿಗೆ ಹತ್ತಕ್ಕೆ ಒಂದು ಪಾಲು. ಅದೇ ವರ್ಷ ನಮ್ಮ ಸುತ್ತಿನ ಕೆಲವು ತೋಟಗಳಲ್ಲಿ ಅರ್ಧದಷ್ಟು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ತೋಡಿನ ಕರೆಯಲ್ಲಿ ಅಜ್ಜ ನೆಟ್ಟ 80 ಮರ ಉಂಟು, ಐವತ್ತಡಿ ದಾಟಿದ್ದು. ಅದಕ್ಕೆ ಈಗಲೂ ಗುರುಗಳ ಅಳಿಯನನ್ನೇ ಕಾಯಬೇಕು. ನಮ್ಮಿಂದಾಗುವುದಿಲ್ಲ, ದೋಟಿಯೂ ಅಲ್ಲಿ ಸರಿಯಾಗಿ ಮುಟ್ಟುವುದಿಲ್ಲ. ವರ್ಷಕ್ಕೆ ಹತ್ತರಂತೆ ಕಡಿದು ಆ ಜಾಗದಲ್ಲಿ ಹಿರೇಹಳ್ಳಿ ಗಿಡ್ಡ ತಳಿಯ ಸಂಕರ ಸಸಿ ಇಡುತ್ತಿದ್ದೇವೆ. ವಿಟ್ಲದವರು ಬಿಡುಗಡೆ ಮಾಡಿದ್ದು, ಎತ್ತರ ಕಡಿಮೆ. ಕಡಿದ ಮರದ ಸೀಳು ಕೊಟ್ಟಿಗೆಯ ಮಾಡಿಗಾಯಿತು. ಈ ಡಿಸೆಂಬರಿನಲ್ಲಿ ಎರಡನೇ ತಂಡ ಕಲಿಯಲು ಸುರು ಮಾಡುತ್ತದೆ. ಮೂವರು ಹುಡುಗರು, ಒಬ್ಬಳು ಹುಡುಗಿ. ಗುರುಗಳ ಮೊಣಗಂಟು ಇನ್ನಷ್ಟು ಹದಗೆಟ್ಟಿದೆ, ಕುರ್ಚಿ ಹಾಕಿ ಕೂತು ಹೇಳಿಕೊಡುತ್ತಾರಂತೆ. ಗೋಣಿ ಚೀಲ ಈಗಲೇ ಎತ್ತಿಟ್ಟಿದ್ದೇವೆ, ಸೆಣಬಿನದ್ದು ಸಿಗುವುದೇ ಕಡಿಮೆಯಾಗಿದೆ.